ಕೊರಿಯಾ ಅಧ್ಯಯನದ ಪದವಿ ಎಂದರೆ ಕೊರಿಯನ್ ಭಾಷೆ ಕಲಿಯುವುದಷ್ಟೇನಾ?

ಓದುಗರ ಪ್ರಶ್ನೆ: ದ್ವಿತೀಯ ಪಿಯುಸಿ ಮುಗಿಯುತ್ತಿದೆ. ಕೊರಿಯಾದ ಸಂಸ್ಕೃತಿ, ಸಮಾಜ ಓದುವ ಪದವಿಗೆ ಸೇರುವ ಆಸೆ. ‘ಭಾಷೆ ಬೇಕಾದರೆ ಸಂಜೆ ಕ್ಲಾಸಿಗೆ ಹೋಗಿ ಕಲಿ, ಅದಕ್ಕೆ ಮೂರು-ನಾಲ್ಕು ವರ್ಷ ಯಾಕೆ?’ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಭಾಷೆ ಬಿಟ್ಟು ಆ ಪದವಿಯಲ್ಲಿ ಕಲಿಸುವುದೇನು?

ಉತ್ತರ: ಮನೆಯವರ ಪ್ರಶ್ನೆ ಸರಿಯಾಗಿದೆ. ಮಾತಾಡುವಷ್ಟು ಕೊರಿಯನ್ ಸಾಕು ಎನ್ನುವವರಿಗೆ ಸಂಜೆ ತರಗತಿಯೇ ಸಾಕು. ಪದವಿ ಕಲಿಸುವುದು ಬೇರೆಯದನ್ನು. ಕೊರಿಯಾದ ಒಂದು ಸಂಗತಿಯನ್ನು ಹಿಡಿದು ಇತಿಹಾಸ, ಅರ್ಥಶಾಸ್ತ್ರ, ಕಾನೂನು, ಸಮಾಜಶಾಸ್ತ್ರ ಒಂದೊಂದೂ ಅದನ್ನು ಹೇಗೆ ಬಿಡಿಸುತ್ತದೆ ಎಂದು ನೋಡುವುದು, ಅದನ್ನು ಕೊರಿಯನ್ ಭಾಷೆಯ ಮೂಲ ಬರಹಗಳನ್ನೇ ಓದಿ ಮಾಡುವುದು. ಇಷ್ಟು ಹೇಳಿದರೆ ಗಾಳಿಯಲ್ಲಿ ಹೇಳಿದಂತಾಗುತ್ತದೆ. ಹಾಗಾಗಿ ಒಂದೇ ಒಂದು ಕೊರಿಯನ್ ಪದ ತೆಗೆದುಕೊಳ್ಳೋಣ: ಜೊನ್ಸೆ.

‘ಮನೆ ಭೋಗ್ಯಕ್ಕಿದೆ’ ಎಂಬ ಬೋರ್ಡನ್ನು ಬೆಂಗಳೂರಿನಲ್ಲಿ ನೋಡಿದವರಿಗೆ ಜೊನ್ಸೆ ತಕ್ಷಣ ಅರ್ಥವಾಗುತ್ತದೆ. ಒಂದೇ ಸಲಕ್ಕೆ ದೊಡ್ಡ ಮೊತ್ತ ಮಾಲೀಕರ ಕೈಗೆ ಕೊಡಬೇಕು. ತಿಂಗಳ ಬಾಡಿಗೆ ಇಲ್ಲ. ಅವಧಿ ಮುಗಿದು ಮನೆ ಬಿಡುವಾಗ ಕೊಟ್ಟ ಹಣವಷ್ಟೂ ವಾಪಸ್. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಅಲ್ಲಿ ಠೇವಣಿಯೇ ಸಾಮಾನ್ಯವಾಗಿ ಮನೆಯ ಬೆಲೆಯ ಅರ್ಧಕ್ಕಿಂತ ಹೆಚ್ಚು, ಮತ್ತು ದಶಕಗಳ ಕಾಲ ನಗರದ ಮಧ್ಯಮವರ್ಗ ಸ್ವಂತ ಮನೆಗೆ ಏರಿದ ಮೆಟ್ಟಿಲೇ ಇದು.

ಇತಿಹಾಸದ ತರಗತಿ ಕೇಳುವ ಪ್ರಶ್ನೆ: ಇದು ಇಷ್ಟು ಬೆಳೆದದ್ದು ಯಾವಾಗ, ಯಾಕೆ? 1960ರಲ್ಲಿ ಸೋಲ್ ನಗರದ ಜನಸಂಖ್ಯೆ ಸುಮಾರು 24 ಲಕ್ಷ, 1980ರಲ್ಲಿ 83 ಲಕ್ಷ ದಾಟಿತ್ತು. ಅದೇ ವರ್ಷಗಳಲ್ಲಿ ಸರ್ಕಾರ ಬ್ಯಾಂಕುಗಳ ಸಾಲವನ್ನು ರಫ್ತು ಕಾರ್ಖಾನೆಗಳ ಕಡೆಗೆ ತಿರುಗಿಸಿತ್ತು. ಮನೆ ಕಟ್ಟುವವರಿಗೆ, ಕೊಳ್ಳುವವರಿಗೆ ಸಾಲ ಸಿಗುವುದು ಕಷ್ಟ. ಮನೆಯಿದ್ದವರಿಗೆ ಹಣ ಬೇಕು, ಹಳ್ಳಿಯಿಂದ ಬಂದವರಿಗೆ ಸೂರು ಬೇಕು. ಬ್ಯಾಂಕು ಮಾಡದ ಕೆಲಸವನ್ನು ಜೊನ್ಸೆ ಮಾಡಿತು.

ಅರ್ಥಶಾಸ್ತ್ರಕ್ಕೆ ಇದು ಬಡ್ಡಿಯಿಲ್ಲದ ಸಾಲ. 30 ಕೋಟಿ ವೊನ್ ಠೇವಣಿ ಇಟ್ಟುಕೊಂಡ ಮಾಲೀಕರಿಗೆ ಶೇ. 10 ಬಡ್ಡಿಯ ಕಾಲದಲ್ಲಿ ತಿಂಗಳಿಗೆ 25 ಲಕ್ಷ ವೊನ್ ಹುಟ್ಟುತ್ತದೆ. ಬಡ್ಡಿ ಶೇ. 2ಕ್ಕೆ ಇಳಿದರೆ ಬರೀ 5 ಲಕ್ಷ. ಆಗ ಮಾಲೀಕರು ಠೇವಣಿ ಏರಿಸುತ್ತಾರೆ, ಇಲ್ಲವೇ ವೊಲ್ಸೆಗೆ, ಅಂದರೆ ತಿಂಗಳ ಬಾಡಿಗೆಗೆ ಹೊರಳುತ್ತಾರೆ. ಇನ್ನೊಂದು ಬೆಳವಣಿಗೆಯೂ ಆಯಿತು. ಬಾಡಿಗೆದಾರರ ಠೇವಣಿಯನ್ನೇ ಬಂಡವಾಳ ಮಾಡಿಕೊಂಡು, ಬೆಲೆಗೂ ಠೇವಣಿಗೂ ನಡುವಿನ ಅಂತರವನ್ನಷ್ಟೇ ಕೈಯಿಂದ ಹಾಕಿ ಮನೆಯ ಮೇಲೆ ಮನೆ ಕೊಳ್ಳುವ ದಾರಿ. ಬೆಲೆ ಏರುತ್ತಿರುವವರೆಗೆ ಸರಿ. ಇಳಿದರೆ ಹೊಸಬರಿಂದ ಬರುವ ಠೇವಣಿ ಹಳಬರಿಗೆ ಕೊಡಬೇಕಾದದ್ದಕ್ಕೆ ಸಾಲುವುದಿಲ್ಲ. ಸಾಲ ಮತ್ತು ಠೇವಣಿ ಸೇರಿ ಬೆಲೆಯನ್ನೇ ಮೀರಿದ ಇಂಥ ಮನೆಗೆ ಕೊರಿಯನ್ನರು ‘ಕಾಂಗ್‌ತೊಂಗ್ ಜೊನ್ಸೆ’ ಎನ್ನುತ್ತಾರೆ. ಖಾಲಿ ಡಬ್ಬಿಯ ಜೊನ್ಸೆ.

ಕಾನೂನಿನ ಪಾಠ ಇನ್ನೂ ಸೂಕ್ಷ್ಮ. ಮನೆ ಬಾಡಿಗೆದಾರರ ರಕ್ಷಣಾ ಕಾಯ್ದೆ ಬಂದದ್ದು 1981ರಲ್ಲಿ. 1989ರಲ್ಲಿ ಕನಿಷ್ಠ ಅವಧಿ 2 ವರ್ಷವಾಯಿತು. 2020ರಲ್ಲಿ ಒಮ್ಮೆ ನವೀಕರಣ ಕೇಳುವ ಹಕ್ಕು, ಆಗ ಏರಿಕೆಗೆ ಶೇ. 5ರ ಮಿತಿ ಸೇರಿದವು. ಬಾಡಿಗೆದಾರರು ಮನೆಗೆ ಬಂದು ‘ಜೊನಿಪ್ ಶಿಂಗೊ’, ಅಂದರೆ ವಾಸಬದಲಾವಣೆಯ ನೋಂದಣಿ ಮಾಡಿಸಿದರೆ ಮನೆ ಬೇರೆಯವರ ಕೈ ಸೇರಿದರೂ ಅವರ ಹಕ್ಕು ನಿಲ್ಲುತ್ತದೆ. ಆದರೆ ಆ ಬಲ ಬರುವುದು ಮಾರನೆಯ ದಿನದ ಸೊನ್ನೆ ಗಂಟೆಯಿಂದ. ಬ್ಯಾಂಕಿನ ಅಡಮಾನ ನೋಂದಾಯಿಸಿದ ದಿನವೇ ಜಾರಿ. ಬೆಳಿಗ್ಗೆ ಠೇವಣಿ ತೆಗೆದುಕೊಂಡು ಮಧ್ಯಾಹ್ನ ಅದೇ ಮನೆಯ ಮೇಲೆ ಸಾಲ ಎತ್ತಿದ ಮಾಲೀಕರ ಕೈಯಲ್ಲಿ ಬಾಡಿಗೆದಾರರು ಬ್ಯಾಂಕಿನ ಹಿಂದೆ ಬೀಳುತ್ತಾರೆ. ಈ ಒಂದು ರಾತ್ರಿಯ ಸಂದಿಯೂ ವಂಚನೆಗೆ ದಾರಿಯಾಯಿತು. ಪ್ರಕರಣಗಳು ಬಯಲಾದ ಮೇಲೆ 2023ರ ಜೂನ್‌ನಲ್ಲಿ ಸಂತ್ರಸ್ತರಿಗಾಗಿಯೇ ವಿಶೇಷ ಕಾಯ್ದೆ ಬಂತು.

ಸಮಾಜಶಾಸ್ತ್ರ ಕೇಳುವುದು, ಠೇವಣಿ ಕಳೆದುಕೊಂಡವರು ಯಾರು ಎಂದು. ಹೆಚ್ಚಿನವರು 40 ದಾಟದವರು, ‘ವಿಲ್ಲಾ’ಗಳಲ್ಲಿದ್ದವರು. ಕೊರಿಯಾದಲ್ಲಿ ವಿಲ್ಲಾ ಎಂದರೆ ತೋಟದ ಬಂಗಲೆಯಲ್ಲ. ನಾಲ್ಕೈದು ಮಹಡಿಯ, ಅಪಾರ್ಟ್‌ಮೆಂಟಿಗಿಂತ ಅಗ್ಗದ ಚಿಕ್ಕ ಕಟ್ಟಡ. ಮದುವೆಯಲ್ಲಿ ಮನೆಯ ವ್ಯವಸ್ಥೆ ಗಂಡಿನ ಕಡೆಯದು ಎಂಬ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2023ರಲ್ಲಿ ದಕ್ಷಿಣ ಕೊರಿಯಾದ ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ, 0.72ಕ್ಕೆ ಇಳಿದ ಸುದ್ದಿಯ ಹಿಂದೆ ಮನೆಯ ಖರ್ಚು ಯಾಕೆ ಮತ್ತೆಮತ್ತೆ ಚರ್ಚೆಗೆ ಬರುತ್ತದೆ ಎಂಬುದು ಆಗ ತಿಳಿಯುತ್ತದೆ.

ಕೊರಿಯನ್ ಧಾರಾವಾಹಿಯಲ್ಲಿ ‘ಜೊನ್ಸೆ’ ಎಂಬ ಪದ ಬಂದಾಗ ಸಬ್‌ಟೈಟಲ್ಲು ‘ಬಾಡಿಗೆ’ ಎಂದು ದಾಟಿಸಿಬಿಡುತ್ತದೆ. ಇಷ್ಟೆಲ್ಲ ಆ ಒಂದು ಪದದೊಳಗೆ ಇದೆ. ಮನೆಯಲ್ಲಿ ಕೇಳಿದರೆ ಈ ಉದಾಹರಣೆಯನ್ನೇ ಹೇಳಿ.

ಹಾಗೆಂದು ಭಾಷೆ ಹಗುರವಲ್ಲ. ಈ ಪದವಿಯಲ್ಲಿ ಹೆಚ್ಚಿನವರು ಸೋಲುವುದು ಅಲ್ಲಿಯೇ, ಮತ್ತು ಸೋಲು ಗಂಟೆಗಳ ಲೆಕ್ಕದಲ್ಲಿದೆ. ವಾರಕ್ಕೆ 8 ಗಂಟೆ, 16 ವಾರದ ಎರಡು ಸೆಮಿಸ್ಟರ್ ಎಂದರೆ ವರ್ಷಕ್ಕೆ ಸುಮಾರು 250 ಗಂಟೆ. ಕೊರಿಯಾದ ವಿಶ್ವವಿದ್ಯಾಲಯಗಳ ಭಾಷಾ ಕೇಂದ್ರಗಳಲ್ಲಿ ಸಾಮಾನ್ಯವಾಗಿ 10 ವಾರದ ಒಂದು ಹಂತಕ್ಕೇ 200 ಗಂಟೆ ಪಾಠ. ಇಂಗ್ಲಿಷ್ ಮಾತಾಡುವ ತನ್ನ ರಾಜತಾಂತ್ರಿಕರಿಗೆ ಅಮೆರಿಕ ಲೆಕ್ಕ ಹಾಕಿರುವುದು 2200 ಗಂಟೆ. ಬರೀ ತರಗತಿಯನ್ನೇ ನಂಬಿದರೆ ಮೂರನೇ ವರ್ಷದಲ್ಲಿ ಪತ್ರಿಕೆಯ ಸಂಪಾದಕೀಯ ಓದಲು ಆಗುವುದಿಲ್ಲ. ರಜೆಗಳಲ್ಲಿ, ಸಾಧ್ಯವಾದರೆ ಒಂದು ವರ್ಷ ಕೊರಿಯಾದಲ್ಲಿ, ಈ ಕೊರತೆ ತುಂಬಿಕೊಳ್ಳಲೇಬೇಕು.

ಕನ್ನಡಿಗರಿಗೆ ಮಾತ್ರ ಆ 2200 ಗಂಟೆಯ ಭಯ ಅಷ್ಟು ಬೇಡ. ‘ನಾನು ನಿನ್ನೆ ನೋಡಿದ ಸಿನಿಮಾ’ ಎಂಬುದು ಕೊರಿಯನ್ನಿನಲ್ಲಿ ‘ನೇಗಾ ಒಜೆ ಪೊನ್ ಯೊಂಗ್‌ಹ್ವಾ’. ಪದಕ್ಕೆ ಪದ, ಅದೇ ಕ್ರಮ. ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೆ, ಕ್ರಿಯಾಪದ ವಾಕ್ಯದ ಕೊನೆಗೆ. ಗೌರವದ ವ್ಯಾಕರಣವೂ ಅಷ್ಟೇ. ‘ಅಜ್ಜಿ ಬಂದ್ರು ಕಣೋ’ ಎನ್ನುವಾಗ ‘ಬಂದ್ರು’ ಅಜ್ಜಿಗೆ ಕೊಟ್ಟ ಮರ್ಯಾದೆ, ‘ಕಣೋ’ ಕೇಳುವ ಗೆಳೆಯನ ಜೊತೆಗಿನ ಸಲುಗೆ. ಅದೇ ಮಾತು ಹಿರಿಯರೆದುರು ‘ಅಜ್ಜಿ ಬಂದ್ರು ರೀ’ ಆಗುತ್ತದೆ. ಕೊರಿಯನ್ ಈ ಎರಡನ್ನೂ ಕ್ರಿಯಾಪದದೊಳಗೇ ಹೊಲಿಯುತ್ತದೆ: ಗೆಳೆಯನಿಗೆ ‘ಒಶ್ಯೊಸ್ಸೊ’, ಹಿರಿಯರಿಗೆ ‘ಒಶ್ಯೊಸ್ಸೊಯೊ’, ಎರಡರಲ್ಲೂ ಇರುವ ‘ಶ್ಯೊ’ ಅಜ್ಜಿಯ ಪಾಲಿನದು.

ಎಡವುವ ಜಾಗಗಳೂ ಇವೆ. ಕ್ರಿಯಾಪದದಲ್ಲಿ ಪುರುಷ, ಲಿಂಗ, ವಚನ ಕಾಣುವುದಿಲ್ಲ; ‘ಕಾಯೊ’ ಎಂದರೆ ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತಾರೆ ಯಾವುದೂ ಆಗಬಹುದು. ಕರ್ತೃವನ್ನೂ ಬಿಟ್ಟೇ ಮಾತಾಡುವುದರಿಂದ ಯಾರ ಮಾತೆಂದು ಸಂದರ್ಭದಿಂದ ಹಿಡಿಯಬೇಕು. ಉಚ್ಚಾರಣೆಯಲ್ಲಿ ಚಂದ್ರ, ಮಗಳು, ಮುಖವಾಡ ಎಂಬ ಮೂರು ಪದಗಳಿಗೆ ನಮ್ಮ ಕಿವಿಗೆ ‘ತಲ್’ನಂತೆಯೇ ಕೇಳುವ ಮೂರು ಬೇರೆ ವ್ಯಂಜನಗಳಿವೆ. ನಮ್ಮ ‘ತ’ ಅವರ ಬಿಗಿ ವ್ಯಂಜನಕ್ಕೆ ಹತ್ತಿರವಾದ್ದರಿಂದ, ಚಂದ್ರ ಎನ್ನಲು ಹೋದರೆ ಅವರಿಗೆ ಮಗಳು ಎಂದು ಕೇಳುತ್ತದೆ.

‘ಅಪ್ಪ’, ‘ಒಮ್ಮಾ’ ಎಂಬ ಪದಗಳನ್ನು ತೋರಿಸಿ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ರಕ್ತಸಂಬಂಧ ಹೇಳುವ ಬರಹಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಕೊರಿಯಾದಲ್ಲಿದ್ದ ಅಮೆರಿಕನ್ ಮಿಷನರಿ ಹೋಮರ್ ಹಲ್ಬರ್ಟ್ 1905ರಲ್ಲೇ ಇಂಥ ಹೋಲಿಕೆ ಮಾಡಿದ್ದರು. ಇಂದಿನ ಭಾಷಾಶಾಸ್ತ್ರ ಅದನ್ನು ಒಪ್ಪಿಲ್ಲ; ಮಕ್ಕಳ ಬಾಯಿಯ ಇಂಥ ಪದಗಳು ಸಂಬಂಧವೇ ಇಲ್ಲದ ಎಷ್ಟೋ ಭಾಷೆಗಳಲ್ಲಿವೆ. ಪ್ರಬಂಧದಲ್ಲಿ ಇದನ್ನು ಸತ್ಯವೆಂದು ಬರೆಯಬೇಡಿ.

ಶಬ್ದಸಂಪತ್ತಿಗೆ ಒಂದು ಒಳದಾರಿಯಿದೆ. ಕನ್ನಡದಲ್ಲಿ ‘ವಿದ್ಯೆ’ ಗೊತ್ತಿದ್ದವರಿಗೆ ವಿದ್ಯಾರ್ಥಿ, ವಿದ್ಯಾಲಯ ತಾನಾಗಿ ಬರುವ ಹಾಗೆ, ಚೀನೀ ಮೂಲದ ‘ಹಕ್’ (ಕಲಿಕೆ) ಗೊತ್ತಾದರೆ ಹಕ್‌ಸೇಂಗ್ (ವಿದ್ಯಾರ್ಥಿ), ಹಕ್‌ಕ್ಯೊ (ಶಾಲೆ), ತೇಹಕ್ (ವಿಶ್ವವಿದ್ಯಾಲಯ) ಬರುತ್ತವೆ. ಕಾನೂನು, ಆಡಳಿತ, ಅರ್ಥಶಾಸ್ತ್ರದ ಪದಗಳು ಹೆಚ್ಚಾಗಿ ಇಂಥವೇ. ಎರಡನೇ ವರ್ಷದಿಂದಲೇ ಹಂಜಾ, ಅಂದರೆ ಚೀನೀ ಅಕ್ಷರಗಳನ್ನು ಶುರುಮಾಡಿ. ಕೊರಿಯನ್ನರ ಸ್ವಂತ ಲಿಪಿ ಹಂಗುಲ್ 1446ರಲ್ಲಿ ಪ್ರಕಟವಾದರೂ, ಪೂರ್ತಿ ಹಂಗುಲ್‌ನಲ್ಲೇ ಅಚ್ಚಾದ ಹಂಕ್ಯೊರೆ ದಿನಪತ್ರಿಕೆ ಹುಟ್ಟಿದ್ದು 1988ರಲ್ಲಿ. ಅದಕ್ಕಿಂತ ಹಿಂದಿನ ಪತ್ರಿಕೆಗಳ ತಲೆಬರಹದಲ್ಲೇ ಹಂಜಾ ಎದುರಾಗುತ್ತದೆ.

ಇನ್ನೊಂದು ದೊಡ್ಡ ತಪ್ಪು, ಆಯ್ಕೆಯ ವಿಷಯಗಳನ್ನು ಬಫೆ ಊಟದಂತೆ ತಟ್ಟೆಗೆ ಹಾಕಿಕೊಳ್ಳುವುದು. ಒಂದು ಸೆಮಿಸ್ಟರ್ ಪಾಪ್ ಸಂಗೀತ, ಮುಂದಿನದು ಬೌದ್ಧಧರ್ಮ, ಆಮೇಲೆ ಅಂತರರಾಷ್ಟ್ರೀಯ ಸಂಬಂಧ. ಎಲ್ಲದರ ರುಚಿ ಸಿಗುತ್ತದೆ, ಒಂದರ ಕಸುಬೂ ಕೈಗೆ ಹತ್ತುವುದಿಲ್ಲ. ಹಲವು ವಿಷಯ ಸೇರಿದ ಪದವಿಯಲ್ಲೂ ಒಂದು ಶಾಸ್ತ್ರ ಸ್ವಂತದ್ದಾಗಿರಬೇಕು: ಸಮಾಜಶಾಸ್ತ್ರವಾದರೆ ಸಂದರ್ಶನ ಮತ್ತು ಅಂಕಿಅಂಶ, ಇತಿಹಾಸವಾದರೆ ದಾಖಲೆ ಓದುವ ಶಿಸ್ತು. ಮೊದಲ ವರ್ಷ ರುಚಿ ನೋಡಿ. ಎರಡನೇ ವರ್ಷದ ಹೊತ್ತಿಗೆ ಒಂದನ್ನು ಹಿಡಿದು, ಅದರ ವಿಧಾನ ಕಲಿಸುವ ಕನಿಷ್ಠ ಎರಡು ಪತ್ರಿಕೆ ತೆಗೆದುಕೊಳ್ಳಿ. ಧಾರಾವಾಹಿ, ಸಿನಿಮಾಗಳನ್ನು ಸಮಾಜದ ಫೋಟೊ ಎಂದುಕೊಂಡು ಪ್ರಬಂಧ ಬರೆಯುವ ಚಾಳಿ ಅಲ್ಲಿಗೆ ನಿಲ್ಲುತ್ತದೆ. ಧಾರಾವಾಹಿಯನ್ನು ಓದಬಾರದೆಂದಲ್ಲ. ಯಾರು ದುಡ್ಡು ಹಾಕಿದರು, ಯಾವ ವಾಹಿನಿ, ಯಾವ ನೋಡುಗರು ಎಂದು ಕೇಳಿಕೊಂಡು ಓದಬೇಕು.

ಹುಡುಕುವಾಗ ರೋಮನ್ ಕಾಗುಣಿತ ಕಾಡುತ್ತದೆ. 2000ದಲ್ಲಿ ದಕ್ಷಿಣ ಕೊರಿಯಾ ಪದ್ಧತಿ ಬದಲಿಸಿತು. ಹಳೆಯ ‘ಪುಸಾನ್’ ಈಗ ‘ಬುಸಾನ್’. 1980ರ ಗ್ವಾಂಗ್ಜು ದಂಗೆಯ ಬಗ್ಗೆ ಹುಡುಕಿದರೆ ಜಿ ಅಕ್ಷರದಿಂದಲೂ ಕೆ ಅಕ್ಷರದಿಂದಲೂ ಹುಡುಕಬೇಕು, ಇಲ್ಲವಾದರೆ ಹಳೆಯ ಬರಹಗಳು ಕಾಣುವುದೇ ಇಲ್ಲ. ಹಂಗುಲ್‌ನಲ್ಲೇ ಟೈಪಿಸುವುದು ಎಲ್ಲಕ್ಕಿಂತ ಒಳ್ಳೆಯದು. ಕೊರಿಯಾದ ಹುಡುಕಾಟದ ತಾಣ ನೇವರ್‌ನ ಸುದ್ದಿ ಗ್ರಂಥಾಲಯದಲ್ಲಿ 1920ರಿಂದ 1999ರವರೆಗಿನ ಪತ್ರಿಕೆಗಳ ಪುಟಗಳಿವೆ, ಕೊರಿಯಾವನ್ನು ಆಳಿದ ಜೋಸನ್ ವಂಶದ ರಾಜರ ವಾರ್ಷಿಕ ದಾಖಲೆಗಳು ಆಧುನಿಕ ಕೊರಿಯನ್ ಅನುವಾದದ ಸಮೇತ ಅಂತರ್ಜಾಲದಲ್ಲಿವೆ, ಸರ್ಕಾರಿ ಅಂಕಿಅಂಶಕ್ಕೆ ಕೋಸಿಸ್ ತಾಣವಿದೆ. ಎಲ್ಲವೂ ಉಚಿತ.

ಕೊನೆಯ ವರ್ಷದ ಪ್ರಬಂಧಕ್ಕೆ ಕರ್ನಾಟಕದಲ್ಲೇ ಒಳ್ಳೆಯ ವಿಷಯವಿದೆ. ಕೊರಿಯಾ ಯುದ್ಧದ 1953ರ ಕದನವಿರಾಮದ ನಂತರ ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಭಾರತದ ಪಡೆ ತನ್ನ ನೆಲದ ಮೇಲೆ ಕಾಲಿಡುವುದನ್ನು ದಕ್ಷಿಣ ಕೊರಿಯಾ ಒಪ್ಪದ ಕಾರಣ ಸೈನಿಕರನ್ನು ಹೆಲಿಕಾಪ್ಟರಿನಲ್ಲಿ ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯಿತು. ಎರಡೂ ಕಡೆಗೆ ಬೇಡವೆಂದ 88 ಕೈದಿಗಳು 1954ರಲ್ಲಿ ಭಾರತಕ್ಕೆ ಬಂದರು. ಮಡಿಕೇರಿಯ ತಿಮ್ಮಯ್ಯನವರ ಮನೆ ಈಗ ವಸ್ತುಸಂಗ್ರಹಾಲಯ. ಆ ತಿಂಗಳುಗಳ ಕೊರಿಯನ್ ಪತ್ರಿಕೆಗಳು ಭಾರತವನ್ನು ಹೇಗೆ ಕಂಡವು ಎಂಬುದನ್ನು ಓದಿ ಕನ್ನಡದ ಓದುಗರಿಗೆ ಹೇಳುವವರು ಬೇಕಾಗಿದ್ದಾರೆ.

ಸೇರುವುದೆಲ್ಲಿ? ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಕೊರಿಯನ್ ಬಿ.ಎ. ಆನರ್ಸ್ ಇದೆ, ಪ್ರವೇಶ ಸಿಯುಇಟಿ ಮೂಲಕ. ರಾಂಚಿಯ ಜಾರ್ಖಂಡ್ ಕೇಂದ್ರೀಯ ವಿಶ್ವವಿದ್ಯಾಲಯವೂ ಕೊರಿಯನ್ ಕಲಿಸುತ್ತದೆ. ಇವುಗಳಲ್ಲಿ ಭಾಷೆಯ ಪಾಲು ಹೆಚ್ಚು, ಹಾಗಾಗಿ ಇನ್ನೊಂದು ಶಾಸ್ತ್ರವನ್ನು ನೀವೇ ಆರಿಸಿ ಜೋಡಿಸಿಕೊಳ್ಳಬೇಕು. ಲಂಡನ್ನಿನ ಸೋಯಾಸ್, ಶೆಫೀಲ್ಡ್‌ಗಳಲ್ಲಿ ಕೊರಿಯಾದಲ್ಲಿ ಓದುವ ಅವಧಿ ಸೇರಿದ ಪದವಿಗಳಿವೆ, ಶುಲ್ಕ ದುಬಾರಿ. ಎಲ್ಲೇ ಆಗಲಿ, ಸೇರುವ ಮುನ್ನ ಮೂರನೇ ವರ್ಷದ ಓದಿನ ಪಟ್ಟಿ ಕೇಳಿ ತರಿಸಿಕೊಳ್ಳಿ. ಅದರಲ್ಲಿ ಕೊರಿಯನ್ ಭಾಷೆಯ ಬರಹಗಳೆಷ್ಟು, ಉತ್ತರ ಕೊರಿಯಾದ ಬಗ್ಗೆ ಒಂದಾದರೂ ಪತ್ರಿಕೆಯಿದೆಯೇ ನೋಡಿ.

ಕೊರಿಯಾ ಸರ್ಕಾರದ ಜಿಕೆಎಸ್ ವಿದ್ಯಾರ್ಥಿವೇತನ ಸಿಕ್ಕರೆ ಒಂದು ವರ್ಷ ಭಾಷೆ, ನಾಲ್ಕು ವರ್ಷ ಪದವಿ. ವಯಸ್ಸು 25ರ ಒಳಗಿರಬೇಕು, ಪಿಯುಸಿಯಲ್ಲಿ ಶೇ. 80 ಅಥವಾ ತರಗತಿಯ ಮೇಲಿನ ಶೇ. 20ರಲ್ಲಿ ಸ್ಥಾನ ಬೇಕು. ಭಾಷಾ ವರ್ಷದ ಕೊನೆಗೆ ಟೋಪಿಕ್, ಅಂದರೆ ಕೊರಿಯನ್ ಭಾಷಾ ಸಾಮರ್ಥ್ಯ ಪರೀಕ್ಷೆಯ 3ನೇ ಹಂತ ದಾಟದೆ ಪದವಿ ತರಗತಿಗೆ ಹೋಗುವಂತಿಲ್ಲ. ಅದಕ್ಕೆ 300ರಲ್ಲಿ 120 ಅಂಕ. ಕೇಳುವುದು, ಓದುವುದಕ್ಕೆ ತಲಾ 50 ಪ್ರಶ್ನೆ. ಬರವಣಿಗೆಗೆ 4 ಮಾತ್ರ, ಕೊನೆಯದು 600ರಿಂದ 700 ಅಕ್ಷರಗಳ ಪ್ರಬಂಧ. ಟೋಪಿಕ್ ಅಂಕಪಟ್ಟಿ 2 ವರ್ಷವಷ್ಟೇ ಚಾಲ್ತಿಯಲ್ಲಿರುತ್ತದೆ, ಪ್ರಥಮ ಪಿಯುಸಿಗೂ ಮುಂಚೆ ಬರೆದಿದ್ದರೆ ಉಪಯೋಗವಾಗದು. ಅರ್ಜಿಗೆ ಪಿಯುಸಿ ಅಂಕಪಟ್ಟಿ, ಪ್ರಮಾಣಪತ್ರಗಳ ಮೇಲೆ ಅಪೊಸ್ಟೀಲ್, ಅಂದರೆ ದಾಖಲೆ ವಿದೇಶದಲ್ಲಿ ನಡೆಯುವಂತೆ ಮಾಡುವ ಮುದ್ರೆ ಕೇಳುತ್ತಾರೆ. ಅದಕ್ಕೂ ಮೊದಲು ರಾಜ್ಯದ ದೃಢೀಕರಣ ಆಗಬೇಕಾದ್ದರಿಂದ, ಪ್ರಕಟಣೆ ಹೊರಬಿದ್ದ ಮೇಲೆ ಓಡಾಡಲು ಶುರುಮಾಡಿದವರು ಕೊನೆಯ ದಿನಾಂಕ ತಪ್ಪಿಸಿಕೊಳ್ಳುತ್ತಾರೆ. ಅರ್ಜಿಯನ್ನು ರಾಯಭಾರ ಕಚೇರಿಯ ಮೂಲಕ ಹಾಕಬಹುದು, ನೇರ ವಿಶ್ವವಿದ್ಯಾಲಯಕ್ಕೂ ಹಾಕಬಹುದು; ಎರಡೂ ಕಡೆ ಹಾಕಿದರೆ ಅನರ್ಹರಾಗುತ್ತೀರಿ.