ಸ್ಕಾಲರ್ ಒಂದೇ ಸಾಕು ಅನ್ನುವವರಿಗೆ

"ಮೇಡಂ, ಗೂಗಲ್ ಸ್ಕಾಲರ್‌ನಲ್ಲಿ ಎಲ್ಲಾ ನೋಡಿಬಿಟ್ಟೆ. ಈ ವಿಷಯದ ಮೇಲೆ ಜಾಸ್ತಿ ಕೆಲಸ ಆಗಿಲ್ಲ." ಮೆಡಿಕಲ್ ಲೈಬ್ರರಿಯಲ್ಲಿ ಕೂತವರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ಎಲ್ಲಾ ಅಂದರೆ ಎಷ್ಟು? ಸಂಶೋಧನಾ ಲೇಖನ ಹುಡುಕಿಕೊಡುವ ಈ ಸ್ಕಾಲರ್ ಲಕ್ಷಗಟ್ಟಲೆ ಫಲಿತಾಂಶ ಇದೆ ಅಂತ ಹೇಳಬಹುದು. ಆದರೆ ಒಂದು ಹುಡುಕಾಟಕ್ಕೆ ನಿಮಗೆ ತೋರಿಸುವುದು ಮೊದಲ 1000 ಮಾತ್ರ.

ನಾನೂ ಸ್ಕಾಲರ್ ಬಳಸುತ್ತೇನೆ. ಲೇಖನದ ಒಳಗೆಲ್ಲೋ ಇರುವ ಮಾತನ್ನೂ ಅದು ಹೆಕ್ಕಿ ತರುತ್ತದೆ. ಥೀಸಿಸ್, ಕಾನ್ಫರೆನ್ಸ್ ಪೇಪರ್ ಸಿಗುತ್ತವೆ. ಒಂದು ಒಳ್ಳೆಯ ಲೇಖನ ಸಿಕ್ಕರೆ 'ಸೈಟೆಡ್ ಬೈ' ಒತ್ತಿ ಅದನ್ನು ಉಲ್ಲೇಖಿಸಿದ ಮುಂದಿನ ಕೆಲಸ ನೋಡಬಹುದು. ಇದೆಲ್ಲ ಒಳ್ಳೆಯದೇ. ಆದರೆ ಸ್ಕಾಲರ್ ಹೆಚ್ಚಾಗಿ ನೀವು ಟೈಪ್ ಮಾಡಿದ ಪದಗಳ ಬೆನ್ನು ಹತ್ತುತ್ತದೆ. ವೈದ್ಯಕೀಯ ಲೇಖನಗಳ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ ಪದ ಬಿಟ್ಟು ವಿಷಯವನ್ನೇ ಹಿಡಿಯಬಹುದು. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೇ.

ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಹಾಸಿಗೆ ಹುಣ್ಣಿನ ಮೇಲೆ ಕೆಲಸ ಮಾಡುತ್ತಿದ್ದಳು. ತುಂಬಾ ಶ್ರದ್ಧೆಯ ಹುಡುಗಿ. ಪಾಪ, 'ಬೆಡ್‌ಸೋರ್' ಅಂತ ಮಾತ್ರ ಹುಡುಕಿದ್ದಳು. ಇದನ್ನೇ ಒಬ್ಬರು ಪ್ರೆಷರ್ ಸೋರ್ ಅನ್ನುತ್ತಾರೆ, ಇನ್ನೊಬ್ಬರು ಡೆಕ್ಯುಬಿಟಸ್ ಅಲ್ಸರ್ ಅನ್ನುತ್ತಾರೆ. 2016ರಲ್ಲಿ ಅಮೆರಿಕದ ತಜ್ಞರ ಮಂಡಳಿ 'ಪ್ರೆಷರ್ ಇಂಜುರಿ' ಅಂತ ಹೆಸರು ಬದಲಿಸಿತು. ಅವಳ ಪಕ್ಕ ಕೂತು ಪಬ್‌ಮೆಡ್‌ನ ಮೆಶ್ ಪುಟ ತೆರೆಸಿದೆ. ಮೆಶ್ ಅಂದರೆ ಒಂದೊಂದು ವಿಷಯಕ್ಕೂ ಗೊತ್ತು ಮಾಡಿದ ತಲೆಬರಹಗಳ ಪಟ್ಟಿ. 'ಬೆಡ್‌ಸೋರ್' ಅಂತ ಹಾಕಿದರೆ 'ಪ್ರೆಷರ್ ಅಲ್ಸರ್' ಅನ್ನುವ ತಲೆಬರಹ ಬಂತು, ಕೆಳಗೆ ಅದರ ಬೇರೆ ಹೆಸರುಗಳ ಪಟ್ಟಿ. ಲೇಖಕರು ಯಾವ ಹೆಸರು ಬಳಸಿದ್ದರೂ ಲೇಖನಕ್ಕೆ ಈ ಒಂದೇ ತಲೆಬರಹ ಅಂಟಿಸಿರುತ್ತಾರೆ. ಅದನ್ನು ಇಟ್ಟುಕೊಂಡು ಹುಡುಕಿದಾಗ 'ಬೆಡ್‌ಸೋರ್' ಪದವೇ ಇಲ್ಲದ ಶೀರ್ಷಿಕೆಗಳು ಸಾಲಾಗಿ ಬಂದವು. ಅವಳು ಮಾತಾಡದೆ ನೋಟ್‌ಬುಕ್ ತೆಗೆದಳು.

ಹಾಗಂತ ಮೆಶ್ ಒಂದನ್ನೇ ನಂಬಬೇಡಿ. ಪಬ್‌ಮೆಡ್‌ನಲ್ಲಿರುವ ಎಲ್ಲ ಲೇಖನಕ್ಕೂ ಈ ತಲೆಬರಹ ಇರುವುದಿಲ್ಲ, ಹೊಸದಾಗಿ ಬಂದವಕ್ಕೆ ಇನ್ನೂ ಅಂಟಿಸಿಲ್ಲದಿರಬಹುದು. ಅದಕ್ಕೇ ಮೆಶ್ ಜೊತೆಗೆ ಆ ಎಲ್ಲ ಹೆಸರುಗಳನ್ನೂ ನಡುವೆ 'ಆರ್' (OR, ಅಂದರೆ ಅಥವಾ) ಹಾಕಿ ಸೇರಿಸಿ. ನರ್ಸಿಂಗ್ ವಿಷಯವಾದರೆ ಸಿನಾಲ್, ಔಷಧಿಯ ವಿಷಯವಾದರೆ ಎಂಬೇಸ್ ಅನ್ನುವ ಡೇಟಾಬೇಸ್ ನಿಮ್ಮ ಲೈಬ್ರರಿಯಲ್ಲಿ ಇದೆಯಾ ಕೇಳಿ. ಇವೆರಡಕ್ಕೂ ಚಂದಾ ಬೇಕು. ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಪರಿಶೀಲಿಸುವ ಕೆಲಸ ಮಾಡುವವರಂತೂ ಹುಡುಕಲು ಟೈಪ್ ಮಾಡಿದ ಸಾಲನ್ನೂ ತಾರೀಖನ್ನೂ ಅಂದೇ ಬರೆದಿಡಿ. ಸ್ಕಾಲರ್‌ನಲ್ಲಿ ಇವತ್ತು ಬಂದ ಕ್ರಮ ಮುಂದಿನ ತಿಂಗಳು ಹಾಗೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಇನ್ನೊಂದು ಎಚ್ಚರಿಕೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯನ್ನು ಆಟಿಸಂಗೆ ತಳುಕು ಹಾಕಿದ 1998ರ ಲ್ಯಾನ್ಸೆಟ್ ಪತ್ರಿಕೆಯ ಲೇಖನವನ್ನು 2010ರಲ್ಲಿ ಹಿಂತೆಗೆದುಕೊಂಡರು. ಪಬ್‌ಮೆಡ್‌ನಲ್ಲಿ ಇಂಥ ಲೇಖನ ತೆರೆದರೆ ಸೂಚನೆ ಕಣ್ಣಿಗೆ ಹೊಡೆಯುತ್ತದೆ. ಸ್ಕಾಲರ್ ಮೂಲಕ ಎಲ್ಲಿಂದಲೋ ಇಳಿಸಿಕೊಂಡ ಪಿಡಿಎಫ್‌ನಲ್ಲಿ ಅದು ಇರಲೇಬೇಕು ಅಂತಿಲ್ಲ, ಅಲ್ವಾ?

ದುಡ್ಡು ಕೇಳುವ ಪುಟ ಬಂದರೆ ತಕ್ಷಣ ಕಟ್ಟಲು ಹೋಗಬೇಡಿ. ಸ್ಕಾಲರ್‌ನ ಸೆಟ್ಟಿಂಗ್ಸ್‌ನಲ್ಲಿ 'ಲೈಬ್ರರಿ ಲಿಂಕ್ಸ್' ಅಂತ ಇದೆ. ಅಲ್ಲಿ ನಿಮ್ಮ ಸಂಸ್ಥೆಯ ಹೆಸರು ಸಿಕ್ಕರೆ ಟಿಕ್ ಹಾಕಿ. ಲೈಬ್ರರಿ ಆಗಲೇ ಚಂದಾ ಕಟ್ಟಿರುವ ಲೇಖನದ ಪಕ್ಕ ಕೊಂಡಿ ಕಾಣಿಸುತ್ತದೆ. ಅಲ್ಲೂ ಸಿಗದಿದ್ದರೆ ಲೈಬ್ರರಿಯವರಿಗೆ ಒಂದು ಮೇಲ್ ಹಾಕಿ. ಬೇರೆ ಲೈಬ್ರರಿಯಿಂದ ತರಿಸಿಕೊಡುವುದೂ ನಮ್ಮ ಕೆಲಸವೇ.