ಗುಜರಿ ಫ್ಯಾನಿನ ಘನ ವಿಚಾರ

ಗುಜರಿ ಸೇರಿದ್ದ ಕಾರೊಂದರಿಂದ ಬಿಚ್ಚಿ ತಂದ ರೇಡಿಯೇಟರ್ ಫ್ಯಾನನ್ನು (ಎಂಜಿನ್ನಿನ ಬಿಸಿನೀರು ತಣಿಯುವ ಜಾಲರಿಯೇ ರೇಡಿಯೇಟರ್, ಅದಕ್ಕೆ ಗಾಳಿ ಎಳೆಯುವುದು ಈ ಫ್ಯಾನು) ನೆಲದ ಮೇಲಿಟ್ಟು, ಜೀವ ಇದೆಯೋ ಇಲ್ಲವೋ ನೋಡೋಣವೆಂದು ಅದರ ತಂತಿಗಳನ್ನು ಬ್ಯಾಟರಿಗೆ ಮುಟ್ಟಿಸಿದೆ. ಚಟ್ಟೆಂದು ಕಿಡಿ ಹಾರಿತು. ರೆಕ್ಕೆಗಳು ಒಂದು ದಿಕ್ಕಿಗೆ ತಿರುಗುವಷ್ಟರಲ್ಲಿ ಚೌಕಟ್ಟು ಎದುರು ದಿಕ್ಕಿಗೆ ಹೊರಳಿ, ಇಡೀ ಸಾಮಾನು ಕುಪ್ಪಳಿಸಿ ನನ್ನ ಕಾಲಿನ ಹತ್ತಿರ ಬಂದು ನಿಂತಿತು. ನ್ಯೂಟನ್ನನ ಮೂರನೆಯ ನಿಯಮವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ; ಪಾದಕ್ಕೆ ಇಷ್ಟು ಸಮೀಪದಲ್ಲಿ ಕಂಡದ್ದು ಅದೇ ಮೊದಲು.

ಇದನ್ನು ನನ್ನ ಹಳೆಯ ಪಿಕಪ್ಪಿಗೆ ಕೂರಿಸುತ್ತೇನೆ ಎಂದಾಗ ಎರಡು ಅಭಿಪ್ರಾಯಗಳು ಕೇಳಿಬಂದವು. 'ಎಂಜಿನ್ ಇನ್ನು ಬಿಸಿಯೇ ಆಗುವುದಿಲ್ಲ' ಎಂಬುದು ಒಂದು. 'ಬ್ಯಾಟರಿಯಿಂದ ತಿರುಗುತ್ತದೆ, ಹಾಗಾಗಿ ಪುಕ್ಕಟೆ ಗಾಳಿ' ಎಂಬುದು ಇನ್ನೊಂದು. ಎರಡೂ ತಪ್ಪು. ಹೇಳಿದವರು ವರ್ಷಗಟ್ಟಲೆ ಗಾಡಿ ಓಡಿಸಿದವರು ಎಂಬುದರಿಂದ ತಪ್ಪು ಸರಿಯಾಗುವುದಿಲ್ಲ. ಈ ಕೆಲಸಕ್ಕೆ ಕೈಹಾಕಲು ಬೇರೆಯದೇ ಕಾರಣವಿದೆ, ಅದು ಈ ಎರಡಕ್ಕಿಂತ ಸೊಗಸಾದದ್ದು.

ಹಳೆಯ ಪಿಕಪ್‌ಗಳಲ್ಲಿ ರೇಡಿಯೇಟರ್ ಫ್ಯಾನು ವಾಟರ್ ಪಂಪಿನ ಮೂತಿಯಲ್ಲಿ ಕೂತಿರುತ್ತದೆ; ಎಂಜಿನ್ನಿನ ಬೆಲ್ಟ್ ಅದನ್ನು ತಿರುಗಿಸುತ್ತದೆ. ಎಂಜಿನ್ ನಿಮಿಷಕ್ಕೆ 700 ಸುತ್ತು ತಿರುಗಿದರೆ ಫ್ಯಾನೂ ಹೆಚ್ಚುಕಡಿಮೆ ಅಷ್ಟೇ, 3500 ಸುತ್ತಿದರೆ ಇದೂ ಅದರ ಬೆನ್ನಿಗೆ. ಈಗ ಗಾಳಿ ಯಾವಾಗ ಬೇಕು ಎಂದು ಯೋಚಿಸಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಗೆ ಮುಂದಿನಿಂದ ನುಗ್ಗುವ ಗಾಳಿಯೇ ಸಾಕು, ಫ್ಯಾನಿನ ಹಂಗಿಲ್ಲ. ಗಾಳಿಯ ಹಸಿವು ಹೆಚ್ಚುವುದು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ನಿಂತಾಗ. ಆಗಲೇ ಎಂಜಿನ್ ನಿಧಾನ, ಆದ್ದರಿಂದ ಫ್ಯಾನೂ ನಿಧಾನ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಇದಕ್ಕೇ ಹೊಸೆದಂತಿದೆ.

ಬೇಡದಾಗ ಬೀಸುವ ಆ ಗಾಳಿಗೆ ಎಂಜಿನ್ ತೆರುವ ತೆರಿಗೆಯ ಲೆಕ್ಕ ನನಗೆ ಬಲು ಪ್ರಿಯ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಗಾಳಿಯೂ ಎರಡು ಪಟ್ಟು. ಇದಕ್ಕೆ ಯಾರದೂ ತಕರಾರಿಲ್ಲ. ಆದರೆ ತಿರುಗಿಸಲು ಬೇಕಾದ ಶಕ್ತಿ ಎಂಟು ಪಟ್ಟು! ಸೆಕೆಂಡಿಗೆ ಎರಡು ಪಟ್ಟು ಗಾಳಿ ಬರುತ್ತದೆ, ಬಂದ ಒಂದೊಂದು ಹಿಡಿಯನ್ನೂ ಎರಡು ಪಟ್ಟು ವೇಗದಲ್ಲಿ ಕಳಿಸಬೇಕು. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹಿಡಿಯೊಂದಕ್ಕೆ ನಾಲ್ಕು ಪಟ್ಟು ಖರ್ಚು. ಎರಡು ನಾಲ್ಕಲೆ ಎಂಟು. ಮೂಟೆ ಹೊರುವ ಆಳಿಗೆ ಮೂಟೆಗಳನ್ನು ಇಮ್ಮಡಿ ಮಾಡಿ, ಅಟ್ಟವನ್ನೂ ನಾಲ್ಕು ಪಟ್ಟು ಎತ್ತರಕ್ಕೆ ಏರಿಸಿದಂತೆ. ಸೈಕಲ್ಲಿನಲ್ಲಿ ಬೇಕಾದರೂ ಇದನ್ನು ನೋಡಬಹುದು: ಗಂಟೆಗೆ 15 ಕಿಲೋಮೀಟರಿನಲ್ಲಿ ಹಾಡು ಗುನುಗುತ್ತ ಹೋಗುವವನು 30ಕ್ಕೆ ಏರಿದರೆ ಹಾಡು ನಿಲ್ಲುತ್ತದೆ, ಉಸಿರು ಉಳಿದರೆ ಪುಣ್ಯ. ಗಾಳಿಯಂತ್ರದಲ್ಲಿ ಇದೇ ಲೆಕ್ಕ ತಿರುವುಮುರುವಾಗಿ ನಡೆಯುತ್ತದೆ. ಬೀಸುವ ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಕೈಗೆ ಸಿಗುವುದು ಎಂಟರಲ್ಲಿ ಒಂದೇ ಪಾಲು. ಗಣಿತದವರು ಇದನ್ನು ಘನ ಎನ್ನುತ್ತಾರೆ. ಹೆಸರಿಗೆ ತಕ್ಕ ಹಾಗೆ ವಿಷಯವೂ ಘನವಾದದ್ದೇ.

ನಮ್ಮ ಗಾಡಿಗೆ ಬರೋಣ. 700 ಸುತ್ತಿನಲ್ಲಿ ಬೆಲ್ಟ್ ಫ್ಯಾನು 30 ವ್ಯಾಟ್ ತಿನ್ನುತ್ತದೆ ಎಂದು ಇಟ್ಟುಕೊಳ್ಳಿ. 3500 ಸುತ್ತು ಎಂದರೆ ಐದು ಪಟ್ಟು ವೇಗ; ಐದರ ಘನ 125. 30 ವ್ಯಾಟ್ ಹೋಗಿ 3750 ವ್ಯಾಟ್ ಆಯಿತು, ಅಂದರೆ ಐದು ಅಶ್ವಶಕ್ತಿ. ಗಾಳಿಯ ಅಗತ್ಯವೇ ಇಲ್ಲದ ಹೆದ್ದಾರಿಯಲ್ಲಿ ಐದು ಕುದುರೆಗಳು ಬರಿದೇ ಬೆವರು ಸುರಿಸುತ್ತಿವೆ.

ವಾಹನ ಕಟ್ಟಿದ ಎಂಜಿನಿಯರುಗಳಿಗೆ ಇದು ತಿಳಿಯದ ಸಂಗತಿಯೇನೂ ಅಲ್ಲ. ಅದಕ್ಕೇ ಅನೇಕ ಗಾಡಿಗಳ ಫ್ಯಾನಿನ ನಡುವೆ ಡಬ್ಬಿಯಾಕಾರದ ಕ್ಲಚ್ ಇರುತ್ತದೆ. ಒಳಗೆ ಗಟ್ಟಿ ಸಿಲಿಕೋನ್ ಎಣ್ಣೆ, ಮುಂಭಾಗದಲ್ಲಿ ಎರಡು ಲೋಹಗಳನ್ನು ಬೆಸೆದ ಪುಟ್ಟ ಸುರುಳಿ. ರೇಡಿಯೇಟರ್ ದಾಟಿ ಬಂದ ಗಾಳಿ ಬಿಸಿಯಾಗಿದ್ದರೆ ಸುರುಳಿ ಬಾಗಿ ಒಳಗಿನ ಕಿಂಡಿ ತೆರೆಯುತ್ತದೆ, ಎಣ್ಣೆ ಹರಿದು ಫ್ಯಾನನ್ನು ಹಿಡಿದುಕೊಳ್ಳುತ್ತದೆ. ತಣ್ಣಗಿದ್ದರೆ ಹಿಡಿತ ಸಡಿಲ. ತಂತಿಯಿಲ್ಲ, ವಿದ್ಯುತ್ತಿಲ್ಲ, ಯೋಚಿಸುವ ಲೋಹದ ತುಂಡು! ಈ ಜಾಣತನಕ್ಕೆ ನಾನು ತಲೆಬಾಗುತ್ತೇನೆ. ಆದರೂ ಕ್ಲಚ್ ವೇಗವನ್ನು ಇಳಿಸಬಲ್ಲದು, ಏರಿಸಲಾರದು. ನಿಂತ ಗಾಡಿಯಲ್ಲಿ ಎಂಜಿನ್ 700 ಸುತ್ತಿದರೆ ಫ್ಯಾನಿಗೂ ಅದೇ ಮಿತಿ. ತನ್ನದೇ ಮೋಟಾರಿನಿಂದ ತಿರುಗುವ ಗುಜರಿ ಫ್ಯಾನಿಗೆ ಆ ಮಿತಿಯಿಲ್ಲ; ಬೆಲ್ಟ್ ಫ್ಯಾನಿನ ಬದಲು ಇದನ್ನು ಕೂರಿಸಹೊರಟದ್ದು ಅದಕ್ಕೇ.

ಇತಿಹಾಸವನ್ನು ಸ್ವಲ್ಪ ಕೆದಕಬೇಕು, ಕ್ಷಮಿಸಿ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೋಟಾರು ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದೇ ತಂಪಿನ ಏರ್ಪಾಡು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ತಾ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಾಗ ದಾರಿಯುದ್ದಕ್ಕೂ ನೀರು ಹುಡುಕಿ ತುಂಬಬೇಕಾಯಿತು. ಹನ್ನೆರಡು ವರ್ಷಗಳ ನಂತರ ವಿಲ್ಹೆಲ್ಮ್ ಮೇಬ್ಯಾಕ್ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಮಾಡಿದ: ಆರು ಮಿಲಿಮೀಟರ್ ಚೌಕದ 8070 ಕೊಳವೆಗಳು, ಕೊಳವೆಯೊಳಗೆ ಗಾಳಿ, ಕೊಳವೆಗಳ ಸಂದಿಯಲ್ಲಿ ನೀರು. ಅದರ ಹಿಂದೆ ಒಂದು ಸಣ್ಣ ಫ್ಯಾನನ್ನೂ ಇಟ್ಟ, ಗಾಡಿ ನಿಧಾನವಾಗಿ ಹೋಗುವಾಗ ಗಾಳಿ ಎಳೆಯಲಿ ಎಂದು. ಫ್ಯಾನಿನ ಕೆಲಸ ನಿಧಾನಗತಿಯಲ್ಲಿ ಎಂಬುದು ಆಗಲೇ ಗೊತ್ತಿತ್ತು.

ಇನ್ನು ಪುಕ್ಕಟೆ ಗಾಳಿಯ ಮಾತು. ಬ್ಯಾಟರಿ ಹುಂಡಿಯೇ ಹೊರತು ಗಣಿಯಲ್ಲ. ತೆಗೆದದ್ದನ್ನು ಆಲ್ಟರ್ನೇಟರ್, ಅಂದರೆ ಗಾಡಿಯ ಜನರೇಟರ್, ಮರಳಿ ತುಂಬಬೇಕು, ಆಲ್ಟರ್ನೇಟರನ್ನು ತಿರುಗಿಸುವುದೂ ಅದೇ ಎಂಜಿನ್. ನನ್ನ ಫ್ಯಾನು 25 ಆಂಪಿಯರ್ ಎಳೆಯುತ್ತದೆ. 13.8 ವೋಲ್ಟಿನಿಂದ ಗುಣಿಸಿದರೆ 345 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ ಶೇಕಡಾ 55ರ ಆಸುಪಾಸು ಎಂದರೆ ಎಂಜಿನ್ನಿನ ಮೇಲೆ ಸುಮಾರು 630 ವ್ಯಾಟ್ ಹೊರೆ, ಒಂದು ಅಶ್ವಶಕ್ತಿಗೆ ತುಸು ಕಡಿಮೆ. ನಿಂತಲ್ಲಿ ಬೆಲ್ಟ್ ಫ್ಯಾನು 30 ವ್ಯಾಟಿನಲ್ಲಿ ಮುಗಿಸುತ್ತಿತ್ತು, ಇದು 630 ಕೇಳುತ್ತದೆ! ನಿಜ. ಆದರೆ ಬೇಕಾದಷ್ಟು ಗಾಳಿಯನ್ನು ಬೇಕಾದಾಗ ಕೊಟ್ಟು, ಹೆದ್ದಾರಿಯಲ್ಲಿ ಸುಮ್ಮನಿರುತ್ತದೆ. ಎರಡು ವೇಗದ ಫ್ಯಾನು ಸಿಕ್ಕಿದರೆ ಬಿಡಬೇಡಿ: ಘನದ ಲೆಕ್ಕ ಇಳಿಯುವಾಗಲೂ ಅಷ್ಟೇ ಉದಾರಿ, ಅರ್ಧ ವೇಗಕ್ಕೆ ರೆಕ್ಕೆಗಳು ಕೇಳುವುದು ಎಂಟನೇ ಒಂದು ಪಾಲು. ಕಡಿಮೆ ವೇಗದಲ್ಲೇ ಹೆಚ್ಚಿನ ದಿನಗಳು ಕಳೆಯುತ್ತವೆ. ಹಾಗೆಯೇ ಆಲ್ಟರ್ನೇಟರಿನ ಮೈಮೇಲಿನ ಅಂಕಿಯನ್ನೊಮ್ಮೆ ಓದಿ. ಹಳೆಯ ಗಾಡಿಯ 60 ಆಂಪಿಯರ್ ಎನ್ನುವುದು ವೇಗವಾಗಿ ತಿರುಗುವಾಗಿನ ಮಾತು. ನಿಂತಾಗ ಅಷ್ಟು ಹುಟ್ಟುವುದಿಲ್ಲ, ಹೆಡ್‌ಲೈಟುಗಳ ಪಾಲು ಬೇರೆ ಇದೆ. ಭಾರ ಎಳೆದುಕೊಂಡು ದಿನವಿಡೀ ದಿಬ್ಬ ಹತ್ತುವ ಗಾಡಿಯಾದರೆ ಬೆಲ್ಟ್ ಫ್ಯಾನನ್ನು ಮುಟ್ಟಬೇಡಿ ಎಂದೇ ಹೇಳುತ್ತೇನೆ.

'ಬಿಸಿಯೇ ಆಗುವುದಿಲ್ಲ' ಎಂಬುದನ್ನು ಥರ್ಮೋಸ್ಟಾಟ್ ಒಂದೇ ಏಟಿಗೆ ಸುಳ್ಳು ಮಾಡುತ್ತದೆ. ಮೇಣ ತುಂಬಿದ ಈ ಪುಟ್ಟ ಕವಾಟ ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತೆರೆಯಲಾರಂಭಿಸುತ್ತದೆ. ಅದಕ್ಕಿಂತ ತಣ್ಣಗಾದರೆ ತಾನೇ ಮುಚ್ಚಿಕೊಂಡು ರೇಡಿಯೇಟರಿನ ದಾರಿಯನ್ನೇ ಕಟ್ಟುತ್ತದೆ. ನೀವು ಮುಂದೆ ಚಂಡಮಾರುತ ನಿಲ್ಲಿಸಿದರೂ ಎಂಜಿನ್ 82ಕ್ಕಿಂತ ಕೆಳಗೆ ಹೆಚ್ಚು ಇಳಿಯದು, ಇಳಿಯಲೂ ಬಾರದು. ಇಲ್ಲೊಂದು ಗುಂಡಿಯಿದೆ, ತುಂಬ ಜನ ಬೀಳುತ್ತಾರೆ. ಫ್ಯಾನು 80 ಡಿಗ್ರಿಗೆ ನಿಲ್ಲಲಿ ಎಂದು ಸ್ವಿಚ್ ಹೊಂದಿಸುತ್ತಾರೆ. ಥರ್ಮೋಸ್ಟಾಟ್ ಬಿಟ್ಟುಕೊಡದ ಉಷ್ಣಾಂಶಕ್ಕಾಗಿ ಫ್ಯಾನು ಕಾಯುತ್ತ ದಿನವಿಡೀ ತಿರುಗುತ್ತದೆ. 82ರ ಥರ್ಮೋಸ್ಟಾಟಿಗೆ ಫ್ಯಾನು 95ಕ್ಕೆ ಶುರುವಾಗಿ 88ಕ್ಕೆ ನಿಂತರೆ ಇಬ್ಬರಿಗೂ ಜಗಳವಿಲ್ಲ. ಥರ್ಮೋಸ್ಟಾಟನ್ನೇ ಕಿತ್ತೆಸೆಯುವ 'ಪರಿಹಾರ'ದ ಬಗ್ಗೆ ಮಾತನಾಡಿದರೆ ನನ್ನ ಸಹನೆ ಕೆಡುತ್ತದೆ, ಮುಂದೆ ಹೋಗೋಣ.

ಆ ಮೊದಲ ಕಿಡಿಗೆ ಮರಳುತ್ತೇನೆ. ತಿರುಗುವ ಮೋಟಾರು ಒಳಗೊಳಗೇ ಒಂದು ಜನರೇಟರ್ ಕೂಡ; ತನಗೆ ಬರುವ ವೋಲ್ಟೇಜಿಗೆ ಎದುರಾಗಿ ತಾನೂ ವೋಲ್ಟೇಜ್ ಹುಟ್ಟಿಸುತ್ತದೆ. ನಿಂತ ಮೋಟಾರಿನಲ್ಲಿ ಈ ಎದುರು ವೋಲ್ಟೇಜ್ ಇಲ್ಲ, ಬಾಗಿಲು ತೆರೆದ ಮನೆ. ಸುರುಳಿಯ ರೋಧ 0.15 ಓಮ್ ಆಗಿದ್ದರೆ 12 ವೋಲ್ಟಿಗೆ 80 ಆಂಪಿಯರ್ ನುಗ್ಗುತ್ತದೆ. ವೇಗ ಹಿಡಿದಂತೆ ಎದುರು ವೋಲ್ಟೇಜ್ ಎಂಟರ ಮೇಲೆ ಏರಿ, ಪ್ರವಾಹ 25ಕ್ಕೆ ಇಳಿಯುತ್ತದೆ. ಕಡ್ಡಿಯೊಂದು ಸಿಕ್ಕಿ ರೆಕ್ಕೆ ನಿಂತುಬಿಟ್ಟರೆ? 80 ಆಂಪಿಯರ್ ಇಳಿಯುವುದೇ ಇಲ್ಲ, ಸುಮಾರು ಒಂದು ಕಿಲೋವ್ಯಾಟ್ ಶಾಖ ಮುಷ್ಟಿಗಾತ್ರದ ಮೋಟಾರಿನೊಳಗೆ. ಫ್ಯೂಸ್ ಇರುವುದು ಇದಕ್ಕೇ. ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಈ ಪ್ರವಾಹವನ್ನು ಹೊರಿಸಬಾರದು. ನಡುವೆ ರಿಲೇ ಬೇಕು, ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಹಚ್ಚಿ ಆರಿಸುವ ಸ್ವಿಚ್ಚು. ದಣಿದ ಕುದುರೆಯ ಕೈಯಿಂದ ತಾಜಾ ಕುದುರೆ ಓಟ ಮುಂದುವರಿಸುತ್ತಿದ್ದ ಅಂಚೆ ಪದ್ಧತಿಯ ಪದವದು. ಸಣ್ಣ ಪ್ರವಾಹ ತಂದ ಸುದ್ದಿಯನ್ನು ದೊಡ್ಡ ಪ್ರವಾಹ ಮುಂದಕ್ಕೆ ಒಯ್ಯುತ್ತದೆ. ಕಾಲುಗಳ ಮೇಲೆ 30, 85, 86, 87 ಎಂದು ಬರೆದಿರುತ್ತದೆ: 30ಕ್ಕೆ ಬ್ಯಾಟರಿ, 87ಕ್ಕೆ ಫ್ಯಾನು, ಉಳಿದೆರಡು ಒಳಗಿನ ಸುರುಳಿಗೆ.

ಕೂರಿಸುವ ಕೆಲಸ ಸುಲಭ. ಪ್ಲಾಸ್ಟಿಕ್ ಪಟ್ಟಿಗಳನ್ನು ರೇಡಿಯೇಟರಿನ ಜಾಲರಿಯೊಳಗೇ ತೂರಿಸಿ ಬಿಗಿಯುವುದನ್ನು ಮಾತ್ರ ಮಾಡಬೇಡಿ. ಅದುರಿ ಅದುರಿ ಕೊಳವೆಯನ್ನು ಕೊರೆಯುತ್ತವೆ. ಬದಿಯ ಚೌಕಟ್ಟಿಗೆ ಕಬ್ಬಿಣದ ಪಟ್ಟಿ ಹೊಡೆದು ಕೂರಿಸಿದೆ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಗೂಡನ್ನು ಅಲಂಕಾರವೆಂದು ಕತ್ತರಿಸಿ ಎಸೆಯುವವರಿದ್ದಾರೆ. ಗೂಡಿಲ್ಲದಿದ್ದರೆ ಫ್ಯಾನು ತನ್ನ ವೃತ್ತದ ಮುಂದಿನ ಭಾಗದಿಂದಷ್ಟೇ ಗಾಳಿ ಎಳೆದು, ಮೂಲೆಗಳನ್ನು ಮರೆಯುತ್ತದೆ. ದಿಕ್ಕನ್ನು ನೋಡಲು ಹಾಳೆಯೊಂದು ಸಾಕು: ಗಾಡಿಯ ಮುಂದೆ ಹಿಡಿದಾಗ ಅದು ಜಾಲರಿಗೆ ಪಟ್ಟೆಂದು ಅಂಟಬೇಕು. ನನ್ನದು ಮುಖಕ್ಕೆ ಹಾರಿ ಬಂತು, ತಂತಿಗಳು ಅದಲುಬದಲಾಗಿದ್ದವು.

ಅದನ್ನು ಸರಿಮಾಡಿದ ಮೇಲೂ ಒಂದು ಕಾಟ ಉಳಿಯಿತು. ಕೀಲಿ ತಿರುವಿ ತೆಗೆದರೂ ಎಂಜಿನ್ ಒಂದೆರಡು ಕ್ಷಣ ಓಡುತ್ತಲೇ ಇತ್ತು, ಅದೂ ಫ್ಯಾನು ತಿರುಗುತ್ತಿದ್ದಾಗ ಮಾತ್ರ. ದೆವ್ವವೆಂದು ನಕ್ಕವರಿದ್ದರು. ತಂತಿ ಉಳಿಸುವ ಆಸೆಗೆ ನಾನು ರಿಲೇಯ 30ನೇ ಕಾಲನ್ನು ಬ್ಯಾಟರಿಗೆ ಕೊಡದೆ, ಕೀಲಿಯಿಂದ ಬರುವ ತಂತಿಗೇ ಜೋಡಿಸಿದ್ದೆ. ಕೀಲಿ ತೆಗೆದಾಗಲೂ ರೆಕ್ಕೆಗಳು ತಮ್ಮ ಓಟದ ರಭಸಕ್ಕೆ ತಿರುಗುತ್ತಿದ್ದವು. ಮೋಟಾರು ಜನರೇಟರಾಗಿ, ರಿಲೇಯನ್ನೂ ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ನನ್ನೂ ತಾನೇ ಸಾಕುತ್ತಿತ್ತು. 30ನೇ ಕಾಲಿನ ತಂತಿಯನ್ನು ಬಿಚ್ಚಿ, ಫ್ಯೂಸಿನ ಮೂಲಕ ನೇರ ಬ್ಯಾಟರಿಗೆ ಒಯ್ದೆ. ಕೀಲಿ ತೆಗೆದೆ. ರಿಲೇ ಟಿಕ್ ಎಂದಿತು, ಎಂಜಿನ್ ಅಲ್ಲೇ ನಿಂತಿತು. ರೆಕ್ಕೆಗಳು ಮಾತ್ರ ಸ್ವಲ್ಪ ಹೊತ್ತು ಬರಿದೇ ಸುತ್ತಿ ನಿಂತವು.