ಎಷ್ಟು ಸೆಂಟ್ ಮಳೆ ಬಂತು ಅಂತ ಕೇಳಿ ನೋಡಿ

ಕೊಡಗಿನ ಹೋಂಸ್ಟೇ ಪೇಜ್‌ಗಳನ್ನು ಸಾಲಾಗಿ ತೆರೆದು ನೋಡಿ. ಫೋಟೊಗಳು ಒಂದಕ್ಕಿಂತ ಒಂದು ಚೆಂದ. ಕೆಳಗಿನ ಬರಹ ಮಾತ್ರ ಎಲ್ಲ ಕಡೆ ಒಂದೇ. "ಮಂಜು, ಕಾಫಿ ಮತ್ತು ನೀವು." "ಕರ್ನಾಟಕದ ಕಾಶ್ಮೀರಕ್ಕೆ ಸ್ವಾಗತ." "ಪ್ರಕೃತಿಯ ಮಡಿಲಲ್ಲಿ ಒಂದು ದಿನ." ಇದನ್ನು ಓದಿದವರು ಏನಂತ ಉತ್ತರ ಕೊಡಬೇಕು ಹೇಳಿ? ಒಂದು ಹಾರ್ಟ್ ಒತ್ತಿ ಮುಂದೆ ಹೋಗುತ್ತಾರೆ.

ಮಡಿಕೇರಿಯಲ್ಲಿ ಕೂತು ಹೋಂಸ್ಟೇಯವರಿಗೆ, ಕಾಫಿಪುಡಿ, ಜೇನು, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿರಸ) ಮಾರುವವರಿಗೆ ಕ್ಯಾಪ್ಷನ್ ಬರೆದುಕೊಡುವುದು ನನ್ನ ಕೆಲಸ. ಹೆಚ್ಚಿನವರದು ಒಂದೇ ದೂರು: "ಲೈಕ್ ಬರ್ತದೆ, ಕಾಮೆಂಟ್ ಬರೋದಿಲ್ಲ." ನನ್ನ ಉತ್ತರ ಕೆಲವರಿಗೆ ಹಿಡಿಸುವುದಿಲ್ಲ. ನೀವು ಬೆಂಗಳೂರಿನ ಗಿರಾಕಿಗೆ ಅಂತ ಬರೆಯುತ್ತಿದ್ದೀರಿ. ಊರಿನವರಿಗೆ ಅಂತ ಬರೆಯಿರಿ.

ಬೆಂಗಳೂರಿನ ಗಿರಾಕಿ ಕಾಮೆಂಟ್ ಹಾಕುವುದು ಕಡಿಮೆ. ಅವರು ಸುಮ್ನೆ ನೋಡುತ್ತಾರೆ, ಸೇವ್ ಮಾಡುತ್ತಾರೆ, ಹೆಂಡತಿಗೋ ಗೆಳೆಯರಿಗೋ ಕಳಿಸುತ್ತಾರೆ, ಇಷ್ಟವಾದರೆ ಫೋನ್ ಮಾಡುತ್ತಾರೆ. ಮಾತಾಡುವವರು ನಮ್ಮವರೇ. ಪೊನ್ನಂಪೇಟೆಯ ಬೆಳೆಗಾರ, ಮೈಸೂರಿನಲ್ಲಿ ಮನೆ ಮಾಡಿರುವ ನಾಪೋಕ್ಲಿನ ಆಂಟಿ, ದುಬೈಯಲ್ಲಿರುವ ಸೋಮವಾರಪೇಟೆಯ ಹುಡುಗ. ಇವರೆಲ್ಲ ಒಂದು ಪೋಸ್ಟಿನ ಕೆಳಗೆ ಸೇರಿ ವಾದ ಮಾಡಿದರೆ, ಅದನ್ನು ಓದುವ ಪ್ರವಾಸಿಗೆ ಒಂದು ನಂಬಿಕೆ ಬರುತ್ತದೆ. ಊರಿನವರೇ ಬಂದು ಮಾತಾಡುವ ಜಾಗ ಇದು ಅಂತ. ಆ ನಂಬಿಕೆಯನ್ನು ನೀವೇ ಬರೆದುಕೊಂಡ ಯಾವ ಹೊಗಳಿಕೆಯೂ ತರುವುದಿಲ್ಲ.

ಹಾಗಾದರೆ ಊರಿನವರನ್ನು ಮಾತಿಗೆ ಎಳೆಯುವುದು ಹೇಗೆ? ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಅಂದರೆ ಹೂಮಳೆಯನ್ನೇ ತಗೊಳ್ಳಿ. ಫೆಬ್ರುವರಿ, ಮಾರ್ಚ್ ಬಂತೆಂದರೆ ಇಲ್ಲಿ ಎಲ್ಲರ ಕಣ್ಣು ಆಕಾಶದ ಮೇಲೆ. ಮಳೆ ನಿಂತ ಕೂಡಲೇ ಬೆಳೆಗಾರರು ಮೊದಲು ನೋಡುವುದು ಅಂಗಳದ ಮಳೆಮಾಪಕ. ಆಮೇಲೆ ಫೋನ್: "ನಿಮ್ಮಲ್ಲಿ ಎಷ್ಟು ಸೆಂಟ್?" ನೂರು ಸೆಂಟ್ ಅಂದರೆ ಒಂದು ಇಂಚು. ಪಕ್ಕದ ತೋಟಕ್ಕೆ ಒಂದು ಇಂಚು ಬಿದ್ದು ತಮಗೆ 40 ಸೆಂಟ್ ಬಿದ್ದರೆ ಆ ಸಂಕಟ ಬೇರೆಯೇ. ಇಷ್ಟು ದೊಡ್ಡ ಮಾತುಕತೆ ಊರೆಲ್ಲ ನಡೆಯುತ್ತಿರುವಾಗ ಹೋಂಸ್ಟೇ ಪೇಜ್‌ನಲ್ಲಿ "ಮಳೆ, ನೆನಪು, ಕಾಫಿ" ಅಂತ ಹಾಕುತ್ತಾರೆ ನೋಡಿ, ಅಲ್ಲಿ ನನಗೆ ನಗು ಬರುತ್ತದೆ.

ನಾನಾದರೆ ಹೀಗೆ ಬರೆಯುತ್ತೇನೆ: "ನಿನ್ನೆ ಸಂಜೆ ಹೂಮಳೆ ಬಂತು. ನಮ್ಮ ತೋಟದಲ್ಲಿ 85 ಸೆಂಟ್. ನಿಮ್ಮಲ್ಲಿ ಎಷ್ಟು?" ಫೋಟೊ ಮಳೆಮಾಪಕದ್ದೇ ಇರಲಿ, ಮಂಜಿನ ಬೆಟ್ಟ ಬೇಡ. ಇದಕ್ಕೆ ಉತ್ತರ ಕೊಡಲು ಯೋಚನೆ ಬೇಕಿಲ್ಲ, ಒಂದು ಸಂಖ್ಯೆ ಸಾಕು. ಆದರೆ ಆ ಸಂಖ್ಯೆ ಅವರವರ ತೋಟದ್ದು, ಬೇರೆ ಯಾರೂ ಹೇಳಲಾರರು. ಒಳ್ಳೆ ಪ್ರಶ್ನೆಗೆ ಈ ಎರಡೂ ಗುಣ ಇರಬೇಕು. "ಹೇಗಿದೆ ನಮ್ಮ ಕೊಡಗು?" ಅನ್ನುವುದಕ್ಕೆ ಎರಡೂ ಇಲ್ಲ. "ಸೂಪರ್" ಬಿಟ್ಟರೆ ಬೇರೆ ಉತ್ತರವೇ ಹುಟ್ಟುವುದಿಲ್ಲ.

ಮಳೆ ಸಾಕಷ್ಟು ಬಿದ್ದರೆ ಸುಮಾರು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಹೂ ನಿಲ್ಲುವುದು ಎರಡು ಮೂರು ದಿನ. ಹಾಗಾಗಿ ಆ ಕ್ಯಾಪ್ಷನ್‌ನ ಕೊನೆಗೆ ಇನ್ನೊಂದು ಸಾಲು: "ಇನ್ನು ಎಂಟು ಹತ್ತು ದಿನಕ್ಕೆ ಹೂ ಬಿಡಬಹುದು, ಆ ದಿನ ಇಲ್ಲೇ ಹೇಳುತ್ತೇವೆ." ಊರಿನವರು ಸೆಂಟ್ ಲೆಕ್ಕ ಬರೆಯುತ್ತಾರೆ. ಪಟ್ಟಣದವರು ಕ್ಯಾಲೆಂಡರ್ ನೋಡುತ್ತಾರೆ. ಒಂದೇ ಕ್ಯಾಪ್ಷನ್, ಇಬ್ಬರಿಗೂ ಕೆಲಸ.

ಮಾರುವ ವಸ್ತುವಿಗೂ ಇದೇ ದಾರಿ. ಫಿಲ್ಟರ್ ಕಾಫಿಪುಡಿ ಮಾರುವವರು "ಶುದ್ಧ, ತಾಜಾ, ಘಮಘಮ" ಅಂತ ಬರೆಯುತ್ತಾರೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು ಅಂತ ಕಾನೂನೇ ಇದೆ. ಎಷ್ಟಕ್ಕೆ ಎಷ್ಟು ಅಂತ ಪ್ಯಾಕೆಟ್ ಮೇಲೂ ಇರುತ್ತದೆ. ಅದನ್ನೇ ಮಾತಾಗಿಸಿ: "ನಮ್ಮದು 80:20. ನಿಮ್ಮ ಮನೆಯಲ್ಲಿ ಚಿಕೋರಿ ಎಷ್ಟು? ಹಾಕೋದೇ ಇಲ್ವಾ?" ಚಿಕೋರಿ ಬೇಕು ಅನ್ನುವವರು, ಬೇಡವೇ ಬೇಡ ಅನ್ನುವವರು ಇಬ್ಬರೂ ಬರುತ್ತಾರೆ. ಕಾಚಂಪುಳಿ ಮಾರುವವರಂತೂ ಅದೃಷ್ಟವಂತರು. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಅದನ್ನು ಯಾವಾಗ ಹಾಕಬೇಕು, ಎಷ್ಟು ಹಾಕಬೇಕು ಅಂತ ಎರಡು ಮನೆಯವರು ಒಪ್ಪಿದ್ದನ್ನು ನಾನು ನೋಡಿಲ್ಲ.

ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪು ಅನ್ನುವ ಕಾಡುಗಿಡದ ರಸದಲ್ಲಿ ಮಾಡುವ ಪಾಯಸವೂ ಹಾಗೇ. ಆಗಸ್ಟ್ 3ರ ಹೊತ್ತಿಗೆ ಎಲ್ಲರೂ ಆ ನೇರಳೆ ಬಣ್ಣದ ಫೋಟೊ ಹಾಕಿ "ಔಷಧೀಯ ಗುಣಗಳ ಆಗರ" ಅಂತ ಬರೆಯುತ್ತಾರೆ. "ಮೊದಲ ಸಲ ತಿನ್ನುವವರು ಮಾರನೇ ದಿನ ಬೆಳಿಗ್ಗೆ ಗಾಬರಿ ಆಗಬೇಡಿ. ಯಾಕೆ ಅಂತ ತಿಂದವರು ಹೇಳಿ" ಅಂತ ಬರೆದು ನೋಡಿ. ಮೂತ್ರದ ಬಣ್ಣ ಬದಲಾಗಿ ಹೆದರಿದ ಕಥೆ ಯಾರ ಹತ್ತಿರ ಇಲ್ಲ?

"ಮಂಜು ಇಷ್ಟ ಆದ್ರೆ ಹಾರ್ಟ್, ಮಳೆ ಇಷ್ಟ ಆದ್ರೆ ಲೈಕ್, ಐದು ಜನರನ್ನು ಟ್ಯಾಗ್ ಮಾಡಿ" ಅನ್ನುವ ಆಟ ಬಿಟ್ಟುಬಿಡಿ. ಲೈಕ್, ಶೇರ್, ಟ್ಯಾಗ್, ಕಾಮೆಂಟ್‌ಗಾಗಿ ಹೀಗೆ ಗಾಳ ಹಾಕುವ ಪೋಸ್ಟ್‌ಗಳನ್ನು ಕೆಳಗೆ ತಳ್ಳುತ್ತೇವೆ ಅಂತ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಆದರೆ ನಿಜವಾಗಿ ಸಹಾಯ, ಸಲಹೆ, ಪ್ರವಾಸದ ಮಾಹಿತಿ ಕೇಳುವ ಪೋಸ್ಟ್‌ಗೆ ಇದರಿಂದ ತೊಂದರೆ ಇಲ್ಲ ಅಂತಲೂ ಹೇಳಿತ್ತು. ನಿಮಗೆ ಉತ್ತರ ನಿಜವಾಗಿ ಬೇಕಿದ್ದರೆ ಮಾತ್ರ ಕೇಳಿ.

ಅಳತೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇನ್‌ಸ್ಟಾಗ್ರಾಂ 2,200 ಅಕ್ಷರ ಬಿಡುತ್ತದೆ. ಕೊಂಬು, ಗುಡಿಸು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕವಾದರೂ ಅಷ್ಟು ದೂರ ಯಾರೂ ಹೋಗುವುದಿಲ್ಲ. ಫೀಡ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು. ಉಳಿದದ್ದು ಒತ್ತಿದರೆ ಮಾತ್ರ. ಹಾಗಾಗಿ ಮಳೆಯ ಸೆಂಟ್ ಮೊದಲು, ಹೋಂಸ್ಟೇ ಹೆಸರು, ಕ್ಯಾಂಪ್‌ಫೈರ್, ಪಾರ್ಕಿಂಗ್ ಆಮೇಲೆ. ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ, ಅದನ್ನು ಬಯೋದಲ್ಲಿಡಿ. ಮೊದಲ ಸಾಲು ಇಲ್ಲಿನ ಆಡುಮಾತಾದ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಇದ್ದರೆ ಇನ್ನೂ ಒಳ್ಳೆಯದು. ಅದರ ಕೆಳಗೆ ಕನ್ನಡ ಇರಲಿ.

ಕಾಮೆಂಟ್ ಬಂದ ಮೇಲೆ ಹೆಚ್ಚಿನವರು ಎಡವುತ್ತಾರೆ. ಒಬ್ಬರು "ನಮ್ಮಲ್ಲಿ 60 ಸೆಂಟ್, ಸಾಲದು" ಅಂತ ಬರೆದಿರುತ್ತಾರೆ. ಪೇಜ್‌ನವರು ಕೈಮುಗಿಯುವ ಒಂದು ಇಮೋಜಿ ಹಾಕಿ ಸುಮ್ಮನಾಗುತ್ತಾರೆ. ಮಾತು ಅಲ್ಲಿಗೆ ಸತ್ತಿತು. "ಹಾಗಾದ್ರೆ ಸ್ಪ್ರಿಂಕ್ಲರ್ ಹಾಕ್ತೀರಾ, ಇನ್ನೊಂದು ಮಳೆ ಕಾಯ್ತೀರಾ?" ಅಂತ ಕೇಳಿ. ಅವರೂ ಉತ್ತರಿಸುತ್ತಾರೆ, ಅದೇ ಚಿಂತೆಯಲ್ಲಿರುವ ಇನ್ನೊಬ್ಬರೂ ಬಾಯಿ ಹಾಕುತ್ತಾರೆ. ಪೋಸ್ಟ್ ಹಾಕಿ ಫೋನ್ ಬದಿಗಿಟ್ಟು ತೋಟಕ್ಕೆ ಹೋಗುವವರಿಗೆ ನಾನು ಹೇಳುವುದು, ರಾತ್ರಿ ಊಟ ಆದ ಮೇಲೆ ಹಾಕಿ, ಉತ್ತರಿಸಲು ಬಿಡುವಿರುತ್ತದೆ.

ಎಲ್ಲ ವಿಷಯವೂ ಕ್ಯಾಪ್ಷನ್‌ಗೆ ಬರುವುದಿಲ್ಲ. ತೋಟಕ್ಕೆ ಆನೆ ನುಗ್ಗಿದ ಫೋಟೊ ಹಾಕಿ "ನಮ್ಮ ವಿಶೇಷ ಅತಿಥಿ, ಹೆಸರು ಸೂಚಿಸಿ" ಅಂತ ಬರೆದರೆ ಕಾಮೆಂಟ್ ರಾಶಿ ಬೀಳುತ್ತದೆ, ನಿಜ. ಸಿದ್ದಾಪುರ ಕಡೆ ಆನೆ ದಾಳಿಯಲ್ಲಿ ಜೀವ ಹೋದ ಕಾರ್ಮಿಕರ ಮನೆಯವರೂ ಅದನ್ನು ಓದುತ್ತಾರೆ. ಅಂಥ ಕ್ಯಾಪ್ಷನ್ ನಾನು ಬರೆದುಕೊಡುವುದಿಲ್ಲ. ಜೋರು ಮಳೆಗಾಲದ ಮಾತೂ ಅಷ್ಟೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ರೆಡ್ ಅಲರ್ಟ್ ಇರುವ ದಿನ "ಮಳೆಯಲ್ಲಿ ರೊಮ್ಯಾನ್ಸ್" ಬೇಡ. ಆ ದಿನ ಓದುವವರಿಗೆ ಬೇಕಾದದ್ದು ರಸ್ತೆ ತೆರೆದಿದೆಯಾ, ಕರೆಂಟ್ ಇದೆಯಾ, ಬುಕಿಂಗ್ ಮುಂದೂಡಬಹುದಾ ಅನ್ನುವುದು. ಅಷ್ಟನ್ನು ನೇರವಾಗಿ ಬರೆಯಿರಿ, ಪ್ರಶ್ನೆ ಅವರೇ ಕೇಳುತ್ತಾರೆ.

ಇನ್ನು ರೇಟ್. "ದರಕ್ಕಾಗಿ ಇನ್‌ಬಾಕ್ಸ್ ಮಾಡಿ" ಅಂತ ಬರೆದರೆ ಕಾಮೆಂಟ್ ಹೆಚ್ಚುತ್ತದೆ ಅಂತ ಯಾರೋ ಎಲ್ಲರಿಗೂ ಹೇಳಿಕೊಟ್ಟಿದ್ದಾರೆ. ಹೆಚ್ಚುತ್ತದೆ ಕೂಡ, ಆದರೆ "ರೇಟ್?" "ರೇಟ್?" "ರೇಟ್?" ಅಂತ ಅದೊಂದೇ. ಉಳಿದ ಮಾತೆಲ್ಲ ಅದರಡಿ ಮುಚ್ಚಿಹೋಗುತ್ತದೆ. ವಾರದ ದಿನ ಇಷ್ಟು, ಶನಿವಾರ ಭಾನುವಾರ ಇಷ್ಟು, ಊಟ ಸೇರಿ ಇಷ್ಟು ಅಂತ ಕ್ಯಾಪ್ಷನ್‌ನಲ್ಲೇ ಹಾಕಿಬಿಡಿ. ಆಗ ಜನ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಇರ್ತದಾ, ನಾಯಿ ಕರ್ಕೊಂಡು ಬರಬಹುದಾ ಅಂತ ಕೇಳಲು ಶುರು ಮಾಡುತ್ತಾರೆ.